ಫರ್ಹಾನ್ ಮರೆತ ಪದಗಳು

ಫರ್ಹಾನ್ ಕಡಲೆಕಾಯಿ ತಿನ್ನುವಾಗಲೂ ಪೊಟ್ಟಣವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಮುಖವನ್ನು ಇನ್ನೊಂದು ಕಡೆ ತಿರುಗಿಸಿ ಕೈ ಒಳಗೆ ಹಾಕುತ್ತಿದ್ದ. ನಮ್ಮ ಮನೆಯಲ್ಲಿ ಮೊದಲ ಸಲ ಹಾಗೆ ಮಾಡಿದಾಗ ನನ್ನ ಹೆಂಡತಿ ನಿರ್ಮಲಾ ನನ್ನ ಮುಖ ನೋಡಿದಳು. ಅವನು ಹೋದ ಮೇಲೆ, "ಆ ಹುಡುಗಗ ಕುತ್ತಿಗಿ ಏನರ ಹಿಡದೈತೇನ್ರಿ?" ಎಂದು ಕೇಳಿದಳು.

ಕುತ್ತಿಗೆ ಸರಿಯಾಗಿಯೇ ಇತ್ತು. ಅವನು ಚಿಕ್ಕಂದಿನಿಂದ ಆಡಿಕೊಂಡು ಬಂದ ಆಟದಲ್ಲಿ ಚೀಲದಿಂದ ಅಕ್ಷರದ ಬಿಲ್ಲೆಗಳನ್ನು ತೆಗೆಯುವ ಪದ್ಧತಿ ಅದು. ಚೀಲವನ್ನು ಕಣ್ಣಿಗಿಂತ ಮೇಲೆ ಹಿಡಿಯಬೇಕು, ಒಳಗೆ ನೋಡಬಾರದು. ನೋಡಲಿಲ್ಲ ಎನ್ನುವುದು ಎದುರಿಗೆ ಕೂತವರಿಗೂ ಕಾಣಬೇಕು. ಆ ಪದ್ಧತಿ ಅವನ ಮೈಗೆ ಹತ್ತಿಬಿಟ್ಟಿತ್ತು. ಬ್ರೆಡ್ಡಿನ ಪ್ಯಾಕೆಟ್ಟಾಗಲಿ ಖರ್ಜೂರದ ಡಬ್ಬಿಯಾಗಲಿ, ಕೈ ಹೋಗುವ ಮುಂಚೆ ಮುಖ ಆ ಕಡೆ ತಿರುಗುತ್ತಿತ್ತು.

ಸ್ಕ್ರ್ಯಾಬಲ್ ಅಂತ ಆ ಆಟದ ಹೆಸರು. ಇಬ್ಬರು ಎದುರುಬದುರು ಕೂತು, ಏಳೇಳು ಅಕ್ಷರ ತೆಗೆದುಕೊಂಡು, ಬೋರ್ಡಿನ ಮೇಲೆ ಇಂಗ್ಲಿಷ್ ಪದಗಳನ್ನು ಜೋಡಿಸುತ್ತಾ ಹೋಗುವುದು. ಒಂದೊಂದು ಅಕ್ಷರಕ್ಕೂ ಇಷ್ಟು ಅಂಕ, ಏಳನ್ನೂ ಒಂದೇ ಪದದಲ್ಲಿ ಇಟ್ಟರೆ ಮೇಲೆ ಇನ್ನೂ ಐವತ್ತು. ಫರ್ಹಾನ್ ಕರಾಚಿಯವನು. ಮೀಸೆ ಸರಿಯಾಗಿ ಬರುವ ಮುಂಚೆಯೇ ಅವನ ದೇಶದ ಚಾಂಪಿಯನ್ ಆಗಿದ್ದ. ನಾನು ಕಾಣುವಾಗ ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಅಮೆರಿಕದಲ್ಲಿ, ನಾವಿದ್ದ ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಅಕೌಂಟಿಂಗ್ ಓದುತ್ತಿದ್ದ.

ಕಾರು ಕಂಪನಿಗಳು ಜನರನ್ನು ಸಾಲುಸಾಲಾಗಿ ಮನೆಗೆ ಕಳಿಸುತ್ತಿದ್ದ ಕಾಲ ಅದು. ನಾನು ಕಾರಿನ ಬಾಗಿಲು, ಬಾನೆಟ್ಟುಗಳನ್ನು ಒತ್ತುವ ಅಚ್ಚುಗಳ ಡ್ರಾಯಿಂಗ್ ಮಾಡುವವನು. ಕಾರೇ ಮಾರಾಟವಾಗದಿದ್ದರೆ ಅಚ್ಚು ಯಾರಿಗೆ ಬೇಕು? ನನ್ನನ್ನೂ ಕಳಿಸಿದರು. ಹೊಸ ಕೆಲಸದ ಇಂಟರ್‌ವ್ಯೂಗೆ ಹೋದರೆ ಡ್ರಾಯಿಂಗ್ ನೋಡಿ ತಲೆ ಆಡಿಸುತ್ತಿದ್ದರು, ನಾನು ಬಾಯಿ ತೆರೆದ ಮೇಲೆ ಗಡಿಯಾರ ನೋಡುತ್ತಿದ್ದರು. ಮಾನ್ವಿಯಲ್ಲಿ ಸೈಕಲ್ ಅಂಗಡಿಯಲ್ಲಿದ್ದು, ವಯಸ್ಸು ಮೀರಿದ ಮೇಲೆ ಶಾಲೆ ಸೇರಿದವನು ನಾನು. ಇಂಗ್ಲಿಷು ನನಗೆ ಬಹಳ ತಡವಾಗಿ ಬಂದ ನೆಂಟ. ಬಂದರೂ ಬಾಗಿಲಲ್ಲೇ ನಿಲ್ಲುತ್ತಿತ್ತು, ಒಳಗೆ ಬಂದು ಕೂರುತ್ತಿರಲಿಲ್ಲ.

ಹಾಗಾಗಿ ಲೈಬ್ರರಿಗೆ ಹೋಗತೊಡಗಿದೆ. ಅಲ್ಲಿ ಹಗಲು ಹೊತ್ತಿನಲ್ಲಿ ನನ್ನಂಥವರೇ ತುಂಬಿರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಂಪ್ಯೂಟರಿನ ಸರದಿಗಾಗಿ ಕಾಯುವವರು. ವಾರಕ್ಕೊಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಈ ಆಟದ ಕ್ಲಬ್ ನಡೆಯುತ್ತಿತ್ತು. ನಡೆಸುತ್ತಿದ್ದವರು ಪ್ಯಾಟ್ ಮೇಡಂ, ರಿಟೈರ್ ಆದ ಶಾಲೆಯ ಟೀಚರು. ನನ್ನ ಇಂಗ್ಲಿಷಿನ ಕಷ್ಟ ಕೇಳಿ ಅವರು ಕೈ ಹಿಡಿದು ಕರೆದುಕೊಂಡು ಹೋಗಿ ಫರ್ಹಾನ್ ಎದುರು ಕೂರಿಸಿದರು. ಇವನ ಹತ್ತಿರ ಕಲಿ, ಇವನಿಗೆ ಗೊತ್ತಿಲ್ಲದ ಪದವಿಲ್ಲ ಎಂದರು.

ಅವನು ಮೊದಲ ಸರದಿಯಲ್ಲೇ ಒಂದು ಉದ್ದನೆಯ ಪದ ಇಟ್ಟ. ನಾನು ಗಾಬರಿಯಲ್ಲಿ, ನಮ್ಮ ಮಾನ್ವಿ ಸಂತೆಯ ಹಿಂದಿಯಲ್ಲಿ, "ಯೇ ಕೈಕು ಐಸಾ?" ಎಂದುಬಿಟ್ಟೆ. ಇದು ಯಾಕೆ ಹೀಗೆ ಅಂತ ಅರ್ಥ. ಅವನು ಬೋರ್ಡಿನಿಂದ ತಲೆ ಎತ್ತಿದ. ಅವನ ಅಜ್ಜಿ ಗುಲ್ಬರ್ಗದ ಕಡೆ ಹುಟ್ಟಿ, ಮದುವೆಯಾಗಿ ಕರಾಚಿಗೆ ಹೋದವರಂತೆ. ಕೊನೆಯವರೆಗೂ 'ಕೈಕು', 'ನಕ್ಕೋ', 'ಹೌ' ಎಂದೇ ಮಾತಾಡುತ್ತಿದ್ದರಂತೆ. ಮನೆಯವರೆಲ್ಲ ಅವರನ್ನು ಅಣಕಿಸುತ್ತಿದ್ದರಂತೆ. "ಅಂಕಲ್, ಇನ್ನೊಂದ್ಸಲ ಅನ್ನಿ" ಎಂದ. ಅನ್ನಲಿಲ್ಲ, ನಾಚಿಕೆಯಾಯಿತು. ಅವತ್ತಿನಿಂದ ನಾನು ಅವನಿಗೆ ಅಂಕಲ್, ಅವನು ನನಗೆ ಬೇಟಾ. ಅವನದು ನಯವಾದ ಉರ್ದು. ಅದನ್ನು ನಮ್ಮ ರಾಯಚೂರು ಕಡೆಯ ಮಾತಿನಲ್ಲಿ ಬರೆದರೆ ಅವನು ಆಡಿದಂತೆ ಕೇಳುವುದಿಲ್ಲ. ಬೆಂಗಳೂರು ಕಡೆಯವರ ಮಾತಿನಲ್ಲಿ ಬರೆಯುತ್ತೇನೆ.

ಅವನಿಂದ ಇಂಗ್ಲಿಷ್ ಕಲಿಯುವ ನನ್ನ ಆಸೆ ಒಂದೇ ವಾರದಲ್ಲಿ ಮುಗಿಯಿತು. ಅವನಿಗೆ ಪದಗಳು ಗೊತ್ತಿದ್ದವು, ಅರ್ಥ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಪೂಜಾ ಪರೀಕ್ಷೆಗೆ ಕಷ್ಟದ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಇವನನ್ನು ಕೇಳಿ ನೋಡು ಎಂದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು, "ಅಪ್ಪಾ, ಹೀ ಡಸಂಟ್ ನೋ ವಾಟ್ ಎನಿ ಆಫ್ ದೆಮ್ ಮೀನ್" ಎಂದಳು. ನಾನು ಅವನನ್ನೇ ಕೇಳಿದೆ. ನಕ್ಕ. "ಅರ್ಥ ಯಾಕೆ ಅಂಕಲ್? ಇದೆಯೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ಆದರೆ ಆ ಇದೆಯೋ ಇಲ್ಲವೋ ಎಂಬುದೇ ಅಮೆರಿಕದಲ್ಲಿ ಅವನಿಗೆ ಕಷ್ಟಕ್ಕೆ ಬಂತು. ಈ ಆಟಕ್ಕೆ ಒಪ್ಪಿಗೆಯಾದ ಪದಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಇದ್ದರೆ ಪದ, ಇಲ್ಲದಿದ್ದರೆ ಅಲ್ಲ. ಕರಾಚಿಯಲ್ಲಿ ಆಡುವ ಪಟ್ಟಿ ದೊಡ್ಡದು, ಅಮೆರಿಕದವರದು ಚಿಕ್ಕದು. ಇಲ್ಲಿರುವುದೆಲ್ಲ ಅಲ್ಲಿ ಇದೆ. ಅಲ್ಲಿರುವ ಸಾವಿರಾರು ಇಲ್ಲಿ ಇಲ್ಲ. ಎದುರಾಳಿ ಇಟ್ಟ ಪದದ ಮೇಲೆ ಅನುಮಾನ ಬಂದರೆ 'ಚಾಲೆಂಜ್' ಎನ್ನಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೆ ಬಿಲ್ಲೆಗಳು ವಾಪಸ್, ಸರದಿಯೂ ಹೋಯಿತು.

ಬಂದ ಹೊಸದರಲ್ಲಿ ಪ್ಯಾಟ್ ಮೇಡಂ ಎದುರು ಅವನು 'ಝೋ' ಎಂದು ಇಟ್ಟನಂತೆ. ಝೋ ಅಂದರೆ ಹಿಮಾಲಯದ ಕಡೆಯ ಒಂದು ಪ್ರಾಣಿ, ಯಾಕ್ ಮತ್ತು ಹಸುವಿನ ಮಿಶ್ರ ತಳಿ. ಮೇಡಂ ಚಾಲೆಂಜ್ ಎಂದರು. ಪಟ್ಟಿಯಲ್ಲಿ ಇಲ್ಲ. ಇವನು ಬಿಡಲಿಲ್ಲ. ಸಣ್ಣವನಿದ್ದಾಗ ಅಪ್ಪ ಹಿಮಬೆಟ್ಟಗಳ ಸ್ಕರ್ದು ಕಡೆ ಕರೆದುಕೊಂಡು ಹೋಗಿದ್ದರು, ಅದರ ಬೆನ್ನ ಮೇಲೆ ಕೂತಿದ್ದೆ, ಫೋಟೋ ಇದೆ ಎಂದು ವಾದ ಮಾಡಿದ. ಮೇಡಂ ಬಿಲ್ಲೆಗಳನ್ನು ಎತ್ತಿ ಅವನ ಕೈಗೆ ಕೊಟ್ಟು, ಅದರ ಮೇಲೆ ಬೇಕಾದಷ್ಟು ಹೊತ್ತು ಕೂರು ಮಗು, ಬೋರ್ಡಿನ ಮೇಲೆ ಮಾತ್ರ ಇಡಬೇಡ ಎಂದರು. ಈ ಕಥೆಯನ್ನು ಅವನೇ ನನಗೆ ಹೇಳಿ ಹೇಳಿ ನಗಿಸುತ್ತಿದ್ದ.

ನಗಿಸದೆ ಹೇಳಿದ ಕಥೆ ಇನ್ನೊಂದು. ಕಾರಿನಲ್ಲಿ ಐದು ಗಂಟೆ ದೂರದ ಸ್ಕೋಕಿ ಎಂಬ ಊರಿಗೆ ಒಂದು ಟೂರ್ನಮೆಂಟಿಗೆ ಹೋಗಿದ್ದ. ಕೊನೆಯ ಆಟದಲ್ಲಿ, ಒಬ್ಬೊಬ್ಬರಿಗೂ ಇಷ್ಟೇ ಸಮಯ ಎಂದು ಓಡುವ ಗಡಿಯಾರದ ಅವಸರದಲ್ಲಿ, ಕರಾಚಿಯ ಅಭ್ಯಾಸದಿಂದ ಅಲ್ಲಿಯ ಪದವೊಂದನ್ನು ಇಟ್ಟುಬಿಟ್ಟ. ಎದುರಿನವನು ಪ್ರಶ್ನಿಸಲಿಲ್ಲ. ಪ್ರಶ್ನಿಸದಿದ್ದರೆ ಪದ ನಿಲ್ಲುತ್ತದೆ, ಅದು ನಿಯಮ. ಅದರಿಂದಲೇ ಗೆದ್ದ. ಗೆದ್ದ ಮೇಲೆ ಹೊಳೆಯಿತು. ಹೋಗಿ ಸೋತವನಿಗೆ ತಾನೇ ಹೇಳಿದ, ಆ ಪದ ಇಲ್ಲಿ ಇಲ್ಲ ಎಂದು. ಆ ಮನುಷ್ಯ ಬೆನ್ನು ತಟ್ಟಿ, ಇಲ್ಲಿ ಎಲ್ಲರೂ ಬೇಕೆಂದೇ ಹಾಗೆ ಮಾಡುತ್ತಾರೆ, ಸುಳ್ಳು ಪದ ಇಟ್ಟು ಎದುರಿನವನ ಮುಖ ನೋಡುವುದೂ ಆಟವೇ, ನೀನು ಚೆನ್ನಾಗಿ ಕಲಿಯುತ್ತಿದ್ದೀಯ ಎಂದು ಹೊಗಳಿದನಂತೆ. ಫರ್ಹಾನ್‌ಗೆ ಆ ಹೊಗಳಿಕೆ ತಡೆಯಲಾಗಲಿಲ್ಲ. ಕೊಟ್ಟ ಕಪ್ಪನ್ನು ಮಾವನ ಮನೆಯ ಗ್ಯಾರೇಜಿನಲ್ಲಿ ಇಟ್ಟ. "ನಾನು ಹೊಡೆದದ್ದು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ ಅಂಕಲ್. ಸುಳ್ಳು ಹೇಳೋನಿಗೆ ಅಷ್ಟಾದ್ರೂ ಗೊತ್ತಿರ್ಬೇಕು" ಎಂದ.

ಆಮೇಲೆ ಅವನು ಮರೆಯುವುದಕ್ಕೆ ಶುರುಮಾಡಿದ.

ನೆನಪಿಡುವುದಕ್ಕೆ ಉಪಾಯಗಳಿವೆ, ಮರೆಯುವುದಕ್ಕೆ ಯಾರು ಹೇಳಿಕೊಡುತ್ತಾರೆ? ಅವನೇ ಒಂದು ದಾರಿ ಮಾಡಿಕೊಂಡ. ರಟ್ಟಿನ ಚೀಟಿಗಳಲ್ಲಿ ಎರಡೂ ಪಟ್ಟಿಗಳ ಪದಗಳನ್ನು ಬರೆದು ಕಲಸಿ ನನ್ನ ಕೈಗೆ ಕೊಡುತ್ತಿದ್ದ. ನಾನು ನಮ್ಮ ಊಟದ ಮೇಜಿನ ಈ ಕಡೆ ಕೂತು ಒಂದೊಂದಾಗಿ ಎತ್ತಿ ತೋರಿಸಬೇಕು. ಇಲ್ಲಿ ನಡೆಯುವ ಪದವಾದರೆ ಅವನು 'ಹೌ' ಎನ್ನಬೇಕು, ಕರಾಚಿಯದಾದರೆ 'ನಕ್ಕೋ'. ಅಜ್ಜಿಯ ಮಾತು. ಹೌದು, ಬೇಡ. ತಡವರಿಸಿದರೆ ಆ ಚೀಟಿ ಮತ್ತೆ ಕಟ್ಟಿನೊಳಕ್ಕೆ. ಅವನ ಕಾಲೇಜು ಮುಗಿದ ಮೇಲೆ ಸಂಜೆಯ ತನಕ ನಮ್ಮದು ಇದೇ ಕೆಲಸ. ನಿರ್ಮಲಾ ಒಳಗಿನಿಂದ ಕೇಳಿ ಕೇಳಿ ಬೇಸತ್ತು, "ಯಾವದಕ್ಕ ಕೇಳಿದ್ರೂ ನಕ್ಕೋ ಅಂತಾನ, ಅವಂಗ ಚಹಾ ಮಾಡ್ಲ್ಯೋ ಬ್ಯಾಡೋ?" ಎನ್ನುತ್ತಿದ್ದಳು. ಅವನಿಗೆ ಕನ್ನಡ ಬಾರದಿದ್ದರೂ ಚಹಾ ಎಂಬುದು ತಿಳಿದು, ಕೂತಲ್ಲಿಂದಲೇ "ಹೌ, ಆಂಟಿ" ಎನ್ನುತ್ತಿದ್ದ.

ಒಂದು ದಿನ ಝೋ ಚೀಟಿ ಬಂತು. ಅವನು ಅದನ್ನು ನೋಡಿ, "ನಕ್ಕೋ" ಎಂದ. ತಡವರಿಸಲಿಲ್ಲ. ನನಗೆ ಯಾಕೋ ಒಂದು ಥರ ಆಯಿತು. ನೀನು ಅದರ ಮೇಲೆ ಕೂತಿದ್ದೆಯಲ್ಲೋ ಎಂದೆ. "ಅದು ಬೇರೆ ಅಂಕಲ್" ಎಂದು ಮುಂದಿನ ಚೀಟಿಗೆ ಕಾದ.

ಕನ್ನಡ ಕೂಟದಲ್ಲಿ ಈ ಸುದ್ದಿ ಹಬ್ಬಿತು. ಯುಗಾದಿ ಊಟಕ್ಕೆ ಹೋದಾಗ ಮೈಸೂರಿನ ಶ್ರೀನಿವಾಸಮೂರ್ತಿ ಎಲ್ಲರ ಎದುರು, "ಏನ್ರೀ ಬಸವರಾಜ್, ಕೆಲಸ ಹುಡುಕ್ರೀ ಅಂದ್ರೆ ಪಾಕಿಸ್ತಾನ ಟೀಮಿಗೆ ಕೋಚ್ ಆಗ್ಬಿಟ್ಟಿದೀರಂತೆ? ಸಂಬಳ ರೂಪಾಯೀಲೋ ಡಾಲರಲ್ಲೋ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಕೆಲಸವೂ ಅದೇ ತಿಂಗಳು ಹೋಗಿತ್ತು ಎಂದು ಆಮೇಲೆ ತಿಳಿಯಿತು.

ಆ ವರ್ಷವೆಲ್ಲ ಫರ್ಹಾನ್ ಗೆದ್ದ. ಆನ್ ಆರ್ಬರ್, ಲಾನ್ಸಿಂಗ್, ಮತ್ತೆ ಸ್ಕೋಕಿ. ಕರಾಚಿಯ ಪದ ಒಂದೂ ಅವನ ಕೈಯಿಂದ ಜಾರಲಿಲ್ಲ. ಇಲ್ಲಿಯ ದೊಡ್ಡ ಆಟಗಾರರು ಅವನ ಹೆಸರನ್ನು ಸರಿಯಾಗಿ ಹೇಳಲು ಕಲಿತರು. ಅದೇ ಹೊತ್ತಿಗೆ ಅವನ ಮಾವ ಕೆಲಸ ಮಾಡುತ್ತಿದ್ದ ಬಂಪರ್ ಫ್ಯಾಕ್ಟರಿ ಮುಚ್ಚಿತು. ಅಕೌಂಟಿಂಗ್ ತರಗತಿಗಳಿಗೆ ಇವನು ಸರಿಯಾಗಿ ಹೋಗುತ್ತಿಲ್ಲ ಎನ್ನುವುದು ಅವನ ಅಪ್ಪನ ಕಿವಿಗೆ ಬಿತ್ತು. ಅಪ್ಪ ಕರಾಚಿಯ ಬಂದರಿನಲ್ಲಿ ಗುಮಾಸ್ತರು. ಒಬ್ಬನೇ ಮಗ.

ಆಗ ಒಂದು ಸುದ್ದಿ ಬಂತು. ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಗುವ ಪಾಕಿಸ್ತಾನದ ತಂಡದಲ್ಲಿ ಒಂದು ಸ್ಥಾನವನ್ನು ಹೊರದೇಶದಲ್ಲಿರುವ ತಮ್ಮ ಆಟಗಾರರಿಗೆ ಬಿಟ್ಟಿದ್ದಾರೆ. ಆ ಒಂದು ಸ್ಥಾನಕ್ಕೆ ಸ್ಕೋಕಿಯಲ್ಲಿ ಆಯ್ಕೆಯ ಆಟ. ಫರ್ಹಾನ್ ಓದಿದ ಶಾಲೆಯವರು, ತಂಡಕ್ಕೆ ಮತ್ತೆ ಬಂದರೆ ನಮ್ಮ ಮಕ್ಕಳಿಗೆ ಆಟ ಕಲಿಸುವ ಕೆಲಸ ನಿನ್ನದು ಎಂದು ಹೇಳಿ ಕಳಿಸಿದರು. ಅಪ್ಪ ಫೋನಿನಲ್ಲಿ ಒಂದು ಷರತ್ತು ಹಾಕಿದರು. ಗೆದ್ದರೆ ವಾಪಸ್ ಬಾ, ಜೀವನಪೂರ್ತಿ ಆಡು, ನಾನು ತುಟಿ ಬಿಚ್ಚುವುದಿಲ್ಲ. ಸೋತರೆ ಬೋರ್ಡು ಎತ್ತಿಟ್ಟು ಓದು ಮುಗಿಸು, ಇನ್ನು ಮುಟ್ಟಬಾರದು. ಫರ್ಹಾನ್ ಆಗಲಿ ಎಂದ. ಮಾತು ಕೊಟ್ಟೆ ಎಂದು ನಗುತ್ತಾ ಬಂದು ನನಗೆ ಹೇಳಿದ. ಗೆಲ್ಲುತ್ತೇನೆ ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ, ನನಗೂ ಇರಲಿಲ್ಲ.

ಒಂದೇ ತೊಡಕು. ಆ ಆಟ ನಡೆಯುವುದು ಕರಾಚಿಯ ಪಟ್ಟಿಯ ಪ್ರಕಾರ.

ಮರೆತದ್ದನ್ನೆಲ್ಲ ವಾಪಸ್ ಕರೆಯಬೇಕು. "ಹೊರಗೆ ಕಳಿಸಿದೋನು ನಾನೇ ತಾನೇ, ಕರೆದ್ರೆ ಬರ್ತಾವೆ" ಎಂದ. ಅದೇ ಚೀಟಿಗಳು ಮತ್ತೆ ಹೊರಬಂದವು. ಈಗ ಎಲ್ಲದಕ್ಕೂ 'ಹೌ' ಎನ್ನಬೇಕು. ಎಂದ. ಚೀಟಿ ತೋರಿಸಿದಾಗ ಒಂದಕ್ಕೂ ತಡವರಿಸಲಿಲ್ಲ. ಆದರೆ ಆಡಲು ಕೂತಾಗ, ಗಡಿಯಾರ ಓಡುವಾಗ, ಅವನ ಕೈ ಬಿಲ್ಲೆಯ ಮೇಲೆ ನಿಲ್ಲುವುದನ್ನು ನಾನು ನೋಡಿದೆ. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಅದರ ಬಗ್ಗೆ ಕೇಳಿದಾಗ ಸರಿಹೋಗುತ್ತದೆ ಎಂದ. ನನಗೆ ನನ್ನದೇ ಒಂದು ಸಂಗತಿ ನೆನಪಿಗೆ ಬಂತು. ಇಲ್ಲಿ ಬಲಗಡೆ ಡ್ರೈವ್ ಮಾಡುವುದನ್ನು ಕಷ್ಟಪಟ್ಟು ಕಲಿತು ರಜೆಗೆ ಮಾನ್ವಿಗೆ ಹೋಗಿದ್ದೆ. ತಮ್ಮನ ಮೋಟರ್ ಸೈಕಲ್ ತೆಗೆದುಕೊಂಡು, ಹುಟ್ಟಿ ಬೆಳೆದ ಬೀದಿಯಲ್ಲಿ, ಬಲಗಡೆಗೇ ಹೋಗಿ ಒಂದು ಎಮ್ಮೆಗೆ ಗುದ್ದಿದೆ. ಎಡಗಡೆ ಹೋಗಬೇಕು ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಆಟಕ್ಕೆ ಮುಂಚೆ ಅಂಥದ್ದನ್ನು ಹೇಳಬಾರದು ಅನ್ನಿಸಿತು.

ಸ್ಕೋಕಿಗೆ ನಾನೇ ಡ್ರೈವ್ ಮಾಡಿದೆ. ಮದುವೆ, ಈದ್ ಊಟಗಳಿಗೆ ಬಾಡಿಗೆಗೆ ಕೊಡುವ ಒಂದು ಹಾಲು. ಟೊರಾಂಟೊ, ಹ್ಯೂಸ್ಟನ್ ಕಡೆಯಿಂದ ಆಟಗಾರರು ಬಂದಿದ್ದರು. ಅವರಲ್ಲಿ ಪ್ಲೇನ್‌ಫೀಲ್ಡ್‌ನ ಡಾಕ್ಟರ್ ಸಲೀಂ ಎನ್ನುವವರು ಒಬ್ಬರು. ಮಕ್ಕಳ ಡಾಕ್ಟರು, ಐವತ್ತು ದಾಟಿದವರು, ದಪ್ಪ ಮೈ, ಬಾಯಿ ತುಂಬ ಮಾತು. ಭಾನುವಾರದ ಹವ್ಯಾಸಕ್ಕೆ ಆಡುವವರು. ಎರಡನೇ ಸ್ಥಾನ ಯಾರಿಗೆ ಎಂದು ತಿಳಿಯಲು ನಾವೆಲ್ಲ ಬಂದಿದ್ದೇವೆ, ಮೊದಲನೆಯದು ಈ ಹುಡುಗನದು ಎಂದು ಅವರೇ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು. ನಾನು ಅವನ ಕಡೆಯವನು ಎಂದು ಫೋನ್ ನಂಬರನ್ನೂ ತೆಗೆದುಕೊಂಡರು.

ಬೆಳಗಿನ ಆಟಗಳನ್ನೆಲ್ಲ ಫರ್ಹಾನ್ ಗೆದ್ದ. ಆದರೆ ಯಾವಾಗಲೂ ಗಡಿಯಾರದಲ್ಲಿ ಸಮಯ ಮಿಗಿಸುವವನು ಅವತ್ತು ಕೊನೆಯ ಕ್ಷಣದವರೆಗೂ ಎಳೆದ. ಕೊನೆಗೆ ಉಳಿದವರು ಅವನು ಮತ್ತು ಡಾಕ್ಟರು. ನಾವು ನೋಡುವವರು ಕುರ್ಚಿ ಹಾಕಿಕೊಂಡು ದೂರ ಕೂತೆವು. ಮಾತಾಡುವಂತಿಲ್ಲ.

ಆಟ ಅರ್ಧ ಆಗಿರಬಹುದು. ಫರ್ಹಾನ್ ಮುಂದಿದ್ದ. ಡಾಕ್ಟರು ಎರಡೇ ಅಕ್ಷರದ ಒಂದು ಪದ ಇಟ್ಟರು. ಸಿ, ಎಚ್. ಅಷ್ಟೇ. ಹಳೆಯ ಕಾಲದ ಹಳ್ಳಿಯ ಇಂಗ್ಲಿಷಿನ ಪದವಂತೆ, ಅಮೆರಿಕದ ಪಟ್ಟಿಯಲ್ಲಿ ಇಲ್ಲ. ಕರಾಚಿಯಲ್ಲಿ ಈ ಆಟ ಕಲಿಯುವ ಮಗುವಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು ಎರಡಕ್ಷರದ ಪದಗಳನ್ನು, ನಮ್ಮಲ್ಲಿ ಎರಡರ ಮಗ್ಗಿ ಕಲಿಸಿದ ಹಾಗೆ. ಫರ್ಹಾನ್ ಗಡಿಯಾರ ನಿಲ್ಲಿಸಿ, "ಚಾಲೆಂಜ್" ಎಂದ.

ಸುತ್ತ ಕೂತವರು ನಕ್ಕರು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಡಾಕ್ಟರೂ ನಕ್ಕು, "ಯಾಕೆ ಬೇಟಾ, ಇವತ್ತು ಚಹಾ ಕುಡಿದಿಲ್ವಾ?" ಎಂದರು. ಆಮೇಲೆ ಅವನ ಮುಖ ನೋಡಿ ತೀರ್ಪು ಕೊಡುವವನ ಕಡೆ ತಿರುಗಿದರು. ತೀರ್ಪು ಕೊಡುವವನು ಎದ್ದು ಹೋಗಿ ಕಂಪ್ಯೂಟರಿನಲ್ಲಿ ಪದ ಒತ್ತಿದ. ಪರದೆ ಹಸಿರಾಯಿತು. ಪದ ಸರಿ.

ತಪ್ಪಾಗಿ ಪ್ರಶ್ನಿಸಿದ್ದಕ್ಕೆ ಕಳೆದದ್ದು ಕೆಲವೇ ಅಂಕ. ಅದನ್ನು ಅವನು ಒಂದು ಸರದಿಯಲ್ಲಿ ತುಂಬಿಕೊಳ್ಳಬಹುದಿತ್ತು. ಆದರೆ ಅಲ್ಲಿಂದಾಚೆಗೆ ಅವನು ಆಡಲಿಲ್ಲ ಎಂದೇ ಹೇಳಬೇಕು. ಬಿಲ್ಲೆ ಎತ್ತುವುದು, ವಾಪಸ್ ಇಡುವುದು, ಸಣ್ಣಪುಟ್ಟ, ಯಾರೂ ಪ್ರಶ್ನಿಸಲಾಗದ ಪದ ಇಡುವುದು. ಅವನ ಗಡಿಯಾರ ಸೊನ್ನೆಗೆ ಬಂತು, ಸೊನ್ನೆಯಿಂದ ಕೆಳಗೂ ಹೋಗಿ ಅಂಕ ಕಳೆಯತೊಡಗಿತು. ಡಾಕ್ಟರು ಗೆದ್ದು ಎದ್ದು ನಿಂತಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಫರ್ಹಾನ್ ಕೈಕುಲುಕಿ, ಬಿಲ್ಲೆಗಳನ್ನೆಲ್ಲ ಎಣಿಸಿ ಚೀಲಕ್ಕೆ ತುಂಬಿ, ಚೀಲದ ದಾರ ಎಳೆದು ಕಟ್ಟಿ ಮೇಜಿನ ಮೇಲಿಟ್ಟ.

ವಾಪಸ್ ಬರುವಾಗ ಇಂಡಿಯಾನಾ ದಾಟಿದೆವು. ಮಿಷಿಗನ್ ಬಂದ ಮೇಲೆ ಹೈವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದೆ. ನಿರ್ಮಲಾ ಕಟ್ಟಿಕೊಟ್ಟ ರೊಟ್ಟಿ ಹಾಗೇ ಇತ್ತು. ಬಿಚ್ಚಿ ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ಏಳಕ್ಷರದ್ದು ಒಂದಿತ್ತು ಅಂಕಲ್" ಎಂದ. "ಆ ಚಾಲೆಂಜ್ ಆದ್ಮೇಲೆ. ನನ್ನ ಹತ್ರಾನೇ ಇತ್ತು, ಇಟ್ಟಿದ್ರೆ ಅಲ್ಲಿಗೆ ಆಟ ಮುಗೀತಿತ್ತು. ಕಣ್ಣಿಗೂ ಕಾಣ್ತು. ಇದು ಇಲ್ಲಿ ನಡೆಯಲ್ಲ ಅಂತ ಬಿಟ್ಟೆ. ಇಲ್ಲಿ ಅಂದ್ರೆ ಯಾವ ಇಲ್ಲಿ ಅಂತ ನಾನು ಕೇಳ್ಕೊಳ್ಳಲೇ ಇಲ್ಲ."

ನಾನು, ಮುಂದಿನ ವರ್ಷ ಇನ್ನೊಂದು ಆಯ್ಕೆ ಇರ್ತದಲ್ಲ ಬೇಟಾ ಎಂದೆ. ಅಪ್ಪನಿಗೆ ಕೊಟ್ಟ ಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ. ಅವನು ಕಾರಿನಿಂದ ಇಳಿದು, ಒಂದು ಮರದ ಕೆಳಗೆ ನಿಂತು ಕರಾಚಿಗೆ ಫೋನ್ ಮಾಡಿದ. ಬಹಳ ಹೊತ್ತೇನೂ ಮಾತಾಡಲಿಲ್ಲ.

ಬೋರ್ಡು ಎತ್ತಿಟ್ಟ. ಕ್ಲಬ್ಬಿಗೆ ಬರುವುದನ್ನು ಬಿಟ್ಟ. ಪ್ಯಾಟ್ ಮೇಡಂ ನನ್ನನ್ನು ನೋಡಿದಾಗಲೆಲ್ಲ ಅವನೆಲ್ಲಿ ಎಂದು ಕೇಳುತ್ತಿದ್ದರು. ನಾನು ಪರೀಕ್ಷೆ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಫರ್ಹಾನ್ ಓದು ಮುಗಿಸಿ, ಸ್ಕೋಕಿಯಲ್ಲಿ ಅವನ ಸೋದರಸಂಬಂಧಿಯೊಬ್ಬ ನಡೆಸುತ್ತಿದ್ದ ಟ್ಯಾಕ್ಸ್ ಆಫೀಸಿಗೆ ಸೇರಿದ. ಹೋಗುವ ಮುಂಚೆ ಬಂದು ನಿರ್ಮಲಾಗೆ ಸಲಾಂ ಹೇಳಿ ಹೋದ. ನನಗೂ ಒಂದು ಚಿಕ್ಕ ಟೂಲ್ ಶಾಪಿನಲ್ಲಿ ಕೆಲಸ ಸಿಕ್ಕಿತು.

ಅಕ್ಟೋಬರಿನಲ್ಲಿ ಡಾಕ್ಟರ್ ಸಲೀಂ ಫೋನ್ ಮಾಡಿದರು. ಅವರ ಆಸ್ಪತ್ರೆಯಲ್ಲೂ ಜನರನ್ನು ತೆಗೆದಿದ್ದರು, ಇದ್ದವರ ಮೇಲೆ ಎಲ್ಲ ಭಾರ, ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಗಲು ರಜೆ ಸಿಗುವುದಿಲ್ಲ. ಅವರು ಬಿಟ್ಟರೆ ಸ್ಥಾನ ಎರಡನೆಯವನಿಗೆ, ಅಂದರೆ ಫರ್ಹಾನ್‌ಗೆ. ಅದು ಮೊದಲಿನಿಂದ ಅವನದೇ ಎಂದರು ಡಾಕ್ಟರು. ಆದರೆ ಅವನು ಬೇಡ ಅನ್ನುತ್ತಿದ್ದಾನೆ. ನೀವು ಹೇಳಿ ನೋಡಿ.

ಎರಡು ದಿನಕ್ಕೆ ಕರಾಚಿಯಿಂದ ಫೋನ್ ಬಂತು. ಅವನ ಅಪ್ಪ. ನಾನು ಅವರ ದನಿ ಕೇಳಿದ್ದು ಅದೇ ಮೊದಲು. ಬಹಳ ಮರ್ಯಾದೆಯಿಂದ ನನ್ನ ಹೆಂಡತಿ, ಮಗಳ ಯೋಗಕ್ಷೇಮ ಕೇಳಿದರು. ಆಮೇಲೆ, "ನಾನು ಷರತ್ತು ಹಾಕಬಾರದಿತ್ತು ಭಾಯಿಸಾಬ್. ವಾಪಸ್ ತಗೊಂಡೆ ಅಂತ ಹೇಳಿಬಿಟ್ಟೆ. ಹೋಗು, ಆಡು ಅಂದೆ. ಕೇಳ್ತಾ ಇಲ್ಲ. ನಿಮ್ಮ ಮಾತು ಕೇಳ್ತಾನೆ" ಎಂದರು.

ಆ ಶನಿವಾರವೇ ಸ್ಕೋಕಿಗೆ ಹೋದೆ. ಟ್ಯಾಕ್ಸ್ ಆಫೀಸಿನಲ್ಲಿ ಫರ್ಹಾನ್ ಟೈ ಕಟ್ಟಿಕೊಂಡು ಒಬ್ಬ ವಯಸ್ಸಾದ ಹೆಂಗಸಿನ ಕಾಗದಗಳನ್ನು ನೋಡುತ್ತಿದ್ದ. ನನ್ನನ್ನು ಕಂಡು ಎದ್ದು ಬಂದು ಅಪ್ಪಿಕೊಂಡ. ಅವರ ಕೆಲಸ ಮುಗಿಸಿ, ಪಕ್ಕದ ಚಹಾದಂಗಡಿಗೆ ಕರೆದುಕೊಂಡು ಹೋದ. ಸ್ವಲ್ಪ ಮೈ ಬಂದಿತ್ತು. ಯಾಕೆ ಬಂದಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಆದರೂ ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದೆ. ಅಪ್ಪನೇ ಹೋಗು ಅಂದಿದ್ದಾರೆ, ಮಾತು ಮುರಿದಂತಾಗುವುದಿಲ್ಲ. ಡಾಕ್ಟರು ಮನಸ್ಸಿನಿಂದ ಬಿಟ್ಟುಕೊಡುತ್ತಿದ್ದಾರೆ. ಹೋಗಿ ಬರಲು ಕಾಗದಪತ್ರದ ತೊಡಕೂ ಇಲ್ಲ. ಅವನು ಎಲ್ಲವನ್ನೂ ಕೇಳಿದ.

"ಅಬ್ಬೂ ಫೋನಲ್ಲಿ ಅತ್ತರು ಅಂಕಲ್. ಅವರ ಮಾತಿಗೋಸ್ಕರ ಅಲ್ಲ ನಾನು ಬೇಡ ಅಂದಿದ್ದು."

"ಮತ್ತ್ಯಾಕ?"

ಅವನು ಕಪ್ಪನ್ನು ಸ್ವಲ್ಪ ದೂರ ಸರಿಸಿದ. "ಮೊದಲು ಪದ ಬಂದ್ರೆ ಮನೆಯವರು ಬಂದ ಹಾಗೆ. ಬಾಗಿಲು ತೆಗೆದೇ ಇರ್ತಿತ್ತು, ಯಾರನ್ನೂ ಏನೂ ಕೇಳ್ತಿರಲಿಲ್ಲ. ಈಗ ಒಂದೊಂದನ್ನೂ ನಿಲ್ಲಿಸಿ ಕೇಳ್ತೀನಿ. ಎಲ್ಲಿಯವನು ನೀನು, ಯಾಕೆ ಬಂದೆ, ಕಾಗದ ತೋರಿಸು. ಏರ್‌ಪೋರ್ಟಲ್ಲಿ ನಮ್ಮಂಥವರನ್ನ ಪಕ್ಕಕ್ಕೆ ಕರೆದು ಕೇಳ್ತಾರಲ್ಲ, ಹಾಗೆ. ನನಗೆ ಗೊತ್ತಿರೋ ಪದಗಳನ್ನೇ ನಾನು ಹಾಗೆ ಕೇಳ್ತೀನಿ ಅಂಕಲ್. ಹಾಗೆ ಕೇಳೋನಿಗೆ ಆಡೋಕಾಗಲ್ಲ."

ನನಗೆ ಇಂಟರ್‌ವ್ಯೂಗಳಲ್ಲಿ ಆದಂತೆ ಆಯಿತು. ಹೇಳಬೇಕಾದದ್ದು ಇದೆ, ಬಾಯಿಗೆ ಬರುವುದಿಲ್ಲ. ಸ್ವಲ್ಪ ದಿನ ಆಡಿದರೆ ಸರಿಹೋಗುತ್ತದೆ ಎಂದೆ. ಹೋಗಬಹುದು ಎಂದ, ನನ್ನ ಮನಸ್ಸು ನೋಯಿಸಬಾರದೆಂದು. ಪೂಜಾ ಯಾವ ಕಾಲೇಜಿಗೆ ಅಪ್ಲೈ ಮಾಡಿದ್ದಾಳೆ ಎಂದು ಕೇಳಿದ. ಆಂಟಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ. ಆಮೇಲೆ ಕಿಟಕಿಯಾಚೆ ನೋಡಿ, ಇನ್ನೊಬ್ಬರು ಬಂದಿದ್ದಾರೆ, ಏಪ್ರಿಲ್‌ನಲ್ಲಿ ಗಡುವು ಮುಂದೂಡಿಸಿಕೊಂಡವರು ಟ್ಯಾಕ್ಸ್ ಕಾಗದ ಕೊಡಲು ಇದೇ ಕೊನೆಯ ವಾರ ಎಂದು ಎದ್ದ. ನನ್ನ ಕಾರಿನ ತನಕ ಬಂದು, ಬಾಗಿಲು ಹಾಕಿ, ಗಾಜಿನ ಮೇಲೆ ಒಂದು ಸಲ ಮೆಲ್ಲಗೆ ತಟ್ಟಿದ. ಆಮೇಲೆ ನಾವು ಫೋನಿನಲ್ಲಿ ಈದ್‌ಗೆ, ದೀಪಾವಳಿಗೆ ಮಾತಾಡಿದ್ದೇವೆ, ಮುಖ ನೋಡಿಲ್ಲ. ಅವನು ಈಗ ಟೆಕ್ಸಾಸಿನ ಕಡೆ ಇದ್ದಾನೆ, ಇಬ್ಬರು ಮಕ್ಕಳು.

ಚಾಂಪಿಯನ್‌ಷಿಪ್ ಮುಗಿದ ಮೇಲೆ ಡಾಕ್ಟರ್ ಸಲೀಂ ಮತ್ತೊಮ್ಮೆ ಫೋನ್ ಮಾಡಿದ್ದರು. ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರನ್ನು ಕಳಿಸಲು ಆಗಲಿಲ್ಲವಂತೆ. ಡಾಕ್ಟರು ಬಿಟ್ಟ ಕೂಡಲೇ ಫರ್ಹಾನ್ ಹೆಸರು ಹೋಗಿದ್ದರಿಂದ ಆಟಗಳ ಪಟ್ಟಿಯಲ್ಲಿ ಅದೇ ಅಚ್ಚಾಗಿ, ಮೇಜಿನ ಮೇಲೂ ಹೆಸರಿನ ಚೀಟಿ ಇಟ್ಟಿದ್ದರಂತೆ. ಅವನ ಎದುರು ಬಿದ್ದವರು ಒಬ್ಬೊಬ್ಬರಾಗಿ ಬಂದು ಖಾಲಿ ಕುರ್ಚಿಯ ಮುಂದೆ ಕೂತು, ಸಮಯ ಆಗುವ ತನಕ ಕಾದು, ಗೆದ್ದೆ ಎಂದು ಬರೆಸಿಕೊಂಡು ಎದ್ದು ಹೋದರಂತೆ. ಫರ್ಹಾನ್ ಎದುರು ಅಷ್ಟು ಸುಲಭವಾಗಿ ಯಾರೂ ಎಂದೂ ಗೆದ್ದಿರಲಿಲ್ಲ.